ಪುಟ್ಟಿಯ ಭೂಗೋಳ: ದೊಡ್ಡಪ್ಪನಿಗೆ ಒಂದು ಉದ್ದದ ಉತ್ತರ

ದೊಡ್ಡಪ್ಪ, ನಮಸ್ಕಾರ. ಬೆಳಗ್ಗೆ ನೀವು ಗುಂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. "ಪುಟ್ಟಿ ಅಮೆರಿಕದಲ್ಲಿದ್ದುಕೊಂಡು ಎರಡು ವರ್ಷದ ಕಾಲೇಜಿಗೆ ಸೇರುತ್ತಾಳಂತೆ, ಅದರಲ್ಲೂ ಭೂಗೋಳವಂತೆ, ಜೊತೆಗೆ ಜಿಐಎಸ್ ಅಂತ ಏನೋ ಇದೆಯಂತೆ. ಟೀಚರ್ ಆಗೋಕೆ ಅಷ್ಟು ದೂರ ಇರಬೇಕಾ?" ಅಂದಿರಿ. ಅದರ ಕೆಳಗೆ ಎಲ್ಲರೂ ಸಾಲುಸಾಲಾಗಿ ನಗುವ ಎಮೋಜಿ ಹಾಕಿದ್ದಾರೆ. ಪುಟ್ಟಿಯ ಅಮ್ಮ, ನಮ್ಮ ಅಕ್ಕ ಮಾತ್ರ ಸುಮ್ಮನಿದ್ದಾಳೆ. ಅವಳು ನಿಮ್ಮೆದುರು ಮಾತಾಡುವವಳಲ್ಲ ಬಿಡಿ. ನಾನು ಹೇಳುತ್ತೇನೆ, ಯಾಕೆಂದರೆ ದಾವಣಗೆರೆಯಲ್ಲಿ ಕೂತು ನಾನು ಅನ್ನ ತಿನ್ನುತ್ತಿರುವುದೇ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಅದಕ್ಕೆ ಮಾಹಿತಿ ಜೋಡಿಸುವ ಈ ಜಿಐಎಸ್‌ನಿಂದ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಕಾಲೇಜಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಕಮ್ಯೂನಿಟಿ ಕಾಲೇಜು ಅಂದರೆ ಎಲ್ಲೂ ಸೀಟು ಸಿಗದವರು ಸೇರುವ ಜಾಗ ಅಲ್ಲ. ಆಯಾ ಊರಿನವರಿಗಾಗಿ ಇರುವ ಸರ್ಕಾರಿ ಕಾಲೇಜು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು 116 ಇವೆ. ಹದಿನೆಂಟರ ಹುಡುಗಿಯ ಪಕ್ಕದಲ್ಲಿ ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಬಂದ ಐವತ್ತರ ಮನುಷ್ಯನೂ ಕೂರುತ್ತಾನೆ. ಎರಡು ವರ್ಷ ಓದಿದರೆ ಅಸೋಸಿಯೇಟ್ ಡಿಗ್ರಿ, ಅಲ್ಲಿಂದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಅಂಥದ್ದೇ ವ್ಯವಸ್ಥೆ. ಆ ರಾಜ್ಯದ ನಿವಾಸಿಗಳಿಗೆ ಫೀಸು ಪಾಠದ ಅಳತೆಯಾದ ಒಂದು ಯೂನಿಟ್‌ಗೆ 46 ಡಾಲರ್, ಡಿಗ್ರಿಗೆ 60 ಯೂನಿಟ್ ಬೇಕು. ಇದೇ ಎರಡು ವರ್ಷವನ್ನು ವಿಶ್ವವಿದ್ಯಾಲಯದಲ್ಲಿ ಓದಿದರೆ ಇದರ ಎಷ್ಟೋ ಪಟ್ಟು ಆಗುತ್ತೆ. ಭಾವ ಲೆಕ್ಕದ ಮನುಷ್ಯ, ಸುಮ್ನೆ ಒಪ್ಪಿರಲ್ಲ.

ಈಗ ಜಿಐಎಸ್. ದೊಡ್ಡಪ್ಪ, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಬೇಸಿಗೆಯಲ್ಲಿ ಹೊಲದ ಬದುವಿನ ಮೇಲೆ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದಿರಿ. ನಿಂತ ಜಾಗದ ಸರ್ವೆ ನಂಬರ್ ಬಂತು. ಅದೇ ಜಿಐಎಸ್. ಕೆಳಗೆ ಉಪಗ್ರಹದ ಚಿತ್ರ, ಅದರ ಮೇಲೆ ಗ್ರಾಮ ನಕ್ಷೆಯ ಗೆರೆ, ಗೆರೆಯ ಒಳಗಿನ ಪ್ರತಿ ತುಂಡು ಜಮೀನಿಗೂ ಒಂದು ದಾಖಲೆ. ಇವೆಲ್ಲ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕಾಗದದ ನಕ್ಷೆ ನೋಡೋಕೆ ಮಾತ್ರ. ಇದನ್ನು ಪ್ರಶ್ನೆ ಕೇಳಬಹುದು. ಕೆರೆಯಿಂದ ಅರ್ಧ ಕಿಲೋಮೀಟರ್ ಒಳಗೆ ಯಾವ ಯಾವ ಸರ್ವೆ ನಂಬರ್ ಬರುತ್ತವೆ ಅಂದರೆ ಪಟ್ಟಿ ಕೊಡುತ್ತೆ. ಇದನ್ನು ಮೊದಲು ಕಂಪ್ಯೂಟರಿಗೆ ಇಳಿಸಿದವರು 1960ರ ದಶಕದಲ್ಲಿ ಕೆನಡಾದವರು, ಇಡೀ ದೇಶದ ಜಮೀನು ಯಾವುದಕ್ಕೆ ಯೋಗ್ಯ ಅಂತ ಲೆಕ್ಕ ಹಾಕೋಕೆ. ಅದರ ಮುಂದಾಳು ರೋಜರ್ ಟಾಮ್ಲಿನ್‌ಸನ್ ಭೂಗೋಳ ಓದಿದ ಮನುಷ್ಯ. ಇಂಜಿನಿಯರ್ ಅಲ್ಲ, ಗಮನಿಸಿ.

ಅವತ್ತು ಗೆರೆ ನಿಮ್ಮ ಬದುವಿನಿಂದ ಸ್ವಲ್ಪ ಆಚೆ ಕಂಡಿತು ಅಂತ ಪಕ್ಕದ ಹೊಲದವರ ಮೇಲೆ ರೇಗಿದಿರಲ್ಲ? ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ತೋರಿಸುತ್ತೆ. ನಕ್ಷೆಯೂ ಹಿಂದೆ ಸರಪಳಿ ಎಳೆದು ಅಳೆದಿದ್ದು. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಅಲ್ಲಲ್ಲಿ ಎಳೆದಾಟ ಇದ್ದೇ ಇರುತ್ತೆ. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸೋಕೆ, ಸರ್ವೇಯರೇ ಬರಬೇಕು ಅನ್ನುವುದು ಅದಕ್ಕೇ.

ನಾನು ಮುಖ್ಯವಾಗಿ ಹೇಳಬೇಕಾಗಿದ್ದು ಇಲ್ಲಿದೆ. ಎಲ್ಲರೂ "ಜಿಐಎಸ್ ಸಾಫ್ಟ್‌ವೇರ್ ಕಲಿತರೆ ಸಾಕು, ಭೂಗೋಳ ಯಾಕೆ?" ಅನ್ನುತ್ತಾರೆ. ನಮ್ಮ ಆಫೀಸಿಗೂ ಅಂಥವರೇ ಜಾಸ್ತಿ ಬರುತ್ತಾರೆ, ಮೂರು ತಿಂಗಳ ಕೋರ್ಸು ಮುಗಿಸಿ. ಕುಕ್ಕರ್ ಕೂಗಿಸೋಕೆ ಗೊತ್ತಿರುವವರೆಲ್ಲ ಅಡುಗೆಯವರಲ್ಲ. ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಮಾರಿಕಣಿವೆ ಅಣೆಕಟ್ಟಿನದೇ, ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರದ್ದು.

ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ದಾವಣಗೆರೆ, ಚಿತ್ರದುರ್ಗದವರೆಲ್ಲ ನೋಡೋಕೆ ಮುಗಿಬಿದ್ದರು, ನೆನಪಿದೆ ಅಲ್ವಾ? ಹಿರಿಯೂರು ಮಳೆ ಕಮ್ಮಿಯ ತಾಲ್ಲೂಕು. ಹಾಗಾದರೆ 130 ಅಡಿ ನೀರು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಕಂಪ್ಯೂಟರಿಗೆ ಹೇಗೆ ಕೇಳುತ್ತೇವೆ ಗೊತ್ತಾ? 2000ನೇ ಇಸವಿಯಲ್ಲಿ ಅಮೆರಿಕದ ಸ್ಪೇಸ್ ಶಟಲ್ ಮೇಲಿನಿಂದ ರೇಡಾರ್ ಹಾಯಿಸಿ ಭೂಮಿಯ ಎತ್ತರ ಅಳೆದಿತ್ತು. ಆ ಮಾಹಿತಿ ಪುಕ್ಕಟೆ ಸಿಗುತ್ತೆ. ನೆಲವನ್ನೆಲ್ಲ ಮೂವತ್ತು ಮೀಟರಿನ ಚೌಕಗಳಾಗಿ ಮಾಡಿ, ಒಂದೊಂದು ಚೌಕಕ್ಕೆ ಒಂದು ಎತ್ತರ ಬರೆದಿರುತ್ತಾರೆ. ಸಾಫ್ಟ್‌ವೇರ್ ಪ್ರತಿ ಚೌಕದ ಸುತ್ತಲಿನ ಎಂಟು ಚೌಕ ನೋಡಿ, ಯಾವ ಕಡೆ ಇಳಿಜಾರು ಜಾಸ್ತಿಯೋ ಆ ಕಡೆ ನೀರು ಬಿಡುತ್ತೆ. ಹೀಗೆ ಚೌಕದಿಂದ ಚೌಕಕ್ಕೆ ಹರಿಸುತ್ತಾ ಹೋದರೆ ಅಣೆಕಟ್ಟಿಗೆ ನೀರು ಕೊಡುವ ಪ್ರದೇಶವೆಲ್ಲ ಒಂದು ಗೆರೆಯೊಳಗೆ ಬಂದುಬಿಡುತ್ತೆ. ಗೆರೆ ಹಿರಿಯೂರು, ಹೊಸದುರ್ಗ ದಾಟಿ, ಕಡೂರು ದಾಟಿ, ಬಾಬಾಬುಡನ್‌ಗಿರಿವರೆಗೆ ಹೋಗುತ್ತೆ. ವೇದಾ, ಆವತಿ ಹೊಳೆಗಳು ಅಲ್ಲೇ ಹುಟ್ಟಿ, ಕಡೂರು ಸೀಮೆಯಲ್ಲಿ ಕೂಡಿ ವೇದಾವತಿ ಆಗುತ್ತವೆ. ಮಳೆ ಆ ಬೆಟ್ಟದಲ್ಲಿ, ನೀರು ನಮ್ಮ ಬಯಲಲ್ಲಿ.

ಇಷ್ಟು ಮಾಡೋಕೆ ಬಟನ್ ಒತ್ತೋದು ಬಂದರೆ ಸಾಕು. ಆದರೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪ್ ಮಾಡಿ ಮೇಲೆತ್ತಿದ ಭದ್ರಾ ನೀರೂ ಈಗ ಆ ಅಣೆಕಟ್ಟಿಗೆ ಬರುತ್ತೆ ಅನ್ನೋದು ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನೀರು ಇಳಿಯೋದು ಮಾತ್ರ ಗೊತ್ತು, ಏರೋದು ಗೊತ್ತಿಲ್ಲ. ಮಳೆ ಎಷ್ಟು, ಒಳಹರಿವು ಎಷ್ಟು ಅಂತ ತಾಳೆ ಹಾಕುವಾಗ ಲೆಕ್ಕ ಯಾಕೆ ಕೂಡುತ್ತಿಲ್ಲ ಅಂತ ತಡಕಾಡುವವನು ಬೇರೆ, ಪಂಪ್‌ಹೌಸ್ ಎಲ್ಲಿದೆ ಅಂತ ಮೊದಲೇ ವಿಚಾರಿಸುವವನು ಬೇರೆ.

ನಮ್ಮ ಭದ್ರಾ ಅಚ್ಚುಕಟ್ಟಿನಲ್ಲೂ ಹೀಗೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ತೆರೆದರೆ ಒಂದು ಕಡೆ ಹಚ್ಚ ಹಸಿರು, ಮೇಲೆ ಜಗಳೂರಿನ ಕಡೆ ಬೇಸಿಗೆಯಲ್ಲಿ ಬರೀ ಕೆಂಪು ಮಿಶ್ರಿತ ಕಂದು. ಆ ಹಸಿರಲ್ಲಿ ಭತ್ತ ಎಷ್ಟು, ಅಡಿಕೆ ಎಷ್ಟು? ಒಂದೇ ಚಿತ್ರ ನೋಡಿದರೆ ಎರಡೂ ಒಂದೇ. ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡರೆ ತಿಳಿಯುತ್ತೆ. ಭತ್ತದ ಗದ್ದೆ ನಾಟಿಗೆ ಮುಂಚೆ ನೀರಾಗಿ ಕಾಣುತ್ತೆ, ಹಸಿರಾಗುತ್ತೆ, ಕೊಯ್ಲಾದ ಮೇಲೆ ಬೋಳಾಗುತ್ತೆ, ಎರಡನೇ ಬೆಳೆಗೆ ಮತ್ತೆ ಅದೇ ಆಟ. ಅಡಿಕೆ ತೋಟ ಹನ್ನೆರಡು ತಿಂಗಳೂ ಹಸಿರು. ಚನ್ನಗಿರಿ ಕಡೆಯ ಹುಡುಗರಿಗೆ ಇದನ್ನು ಹೇಳಿಕೊಡೋದೇ ಬೇಡ, ಯಾವ ತಿಂಗಳ ಚಿತ್ರ ತೆರೆಯಬೇಕು ಅಂತ ಅವರೇ ಹೇಳುತ್ತಾರೆ.

ಇನ್ನೊಂದು ತಮಾಷೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶದಲ್ಲಿ. ಕೆಲವು ಫೈಲುಗಳಲ್ಲಿ ಈ ಎರಡು ಕಾಲಂ ಅದಲುಬದಲಾಗಿ ಬರುತ್ತವೆ. ಆಗ ನಮ್ಮ ಊರಿನ ಬೋರ್‌ವೆಲ್‌ಗಳೆಲ್ಲ ನಾರ್ವೆಯಿಂದಲೂ ಎಷ್ಟೋ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪದ ಪಕ್ಕದ ಹಿಮಸಮುದ್ರದಲ್ಲಿ ಹೋಗಿ ಕೂರುತ್ತವೆ. ಸಾಫ್ಟ್‌ವೇರ್ ಚಕಾರ ಎತ್ತಲ್ಲ. ಅಕ್ಷಾಂಶ, ರೇಖಾಂಶ ಅಂದರೇನು ಅಂತ ಹೈಸ್ಕೂಲಿನಲ್ಲಿ ನಿದ್ದೆ ಹೊಡೆಯದೆ ಕೇಳಿದವರು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ. ಉಳಿದವರು ಸಂಜೆವರೆಗೆ ನಕ್ಷೆಯಲ್ಲಿ ಚುಕ್ಕಿ ಹುಡುಕುತ್ತಾರೆ.

ಕೆಲಸದ ಬಗ್ಗೆ ಕೇಳಿದಿರಿ. ಅಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಫೀಸು, ನೀರು ಮತ್ತು ವಿದ್ಯುತ್ ಕಂಪನಿ, ಅಗ್ನಿಶಾಮಕ ದಳ, ಎಲ್ಲರಿಗೂ ನಕ್ಷೆಯವರು ಬೇಕು. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಸುದ್ದಿ ಟೀವಿಯಲ್ಲಿ ನೋಡುತ್ತೀರಿ. ಯಾವ ಬೀದಿ ಖಾಲಿ ಮಾಡಿಸಬೇಕು ಅನ್ನೋ ನಕ್ಷೆ ಇವರದೇ ಕೆಲಸ. ಇಲ್ಲಿಯೂ ಕೆಲಸ ಹೆಚ್ಚಿದೆ. 2020ರಿಂದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆಯುತ್ತಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು, ದೇಶದ ಕಂಪನಿಗಳು ನಕ್ಷೆ ಮಾಡೋಕೆ ಮೊದಲಿನಂತೆ ಅನುಮತಿಗೆ ಕಾಯಬೇಕಾಗಿಲ್ಲ. ಸಂಬಳ ಶುರುವಿನಲ್ಲೇ ಬೆಂಗಳೂರಿನ ಐಟಿಯವರಷ್ಟು ಇರುತ್ತೆ ಅಂತ ಮಾತ್ರ ನಾನು ಹೇಳಲ್ಲ. ಇಲ್ಲಿ ಇರಲ್ಲ. ಬಿಸಿಲಲ್ಲಿ ಸುತ್ತೋದೂ ತಪ್ಪೋದಿಲ್ಲ.

ನಿಮ್ಮ ಮೊಮ್ಮಗ ಬಿ.ಎ.ಯಲ್ಲಿ ಭೂಗೋಳ ತೆಗೆದುಕೊಂಡಿದ್ದಾನಲ್ಲ, ಅವನಿಗೂ ಹೇಳಿ. ಕ್ಯೂಜಿಐಎಸ್ ಸಾಫ್ಟ್‌ವೇರ್ ಪೂರ್ತಿ ಉಚಿತ, ಮನೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತೆ. ಇಸ್ರೋದ ಭುವನ್ ತಾಣದಲ್ಲಿ ನಮ್ಮದೇ ಚಿತ್ರಗಳಿವೆ. ಡೆಹ್ರಾಡೂನಿನಲ್ಲಿರುವ ಇಸ್ರೋದ ಉಪಗ್ರಹ ಚಿತ್ರಗಳ ತರಬೇತಿ ಸಂಸ್ಥೆ ಐಐಆರ್‌ಎಸ್ ಆನ್‌ಲೈನ್‌ನಲ್ಲಿ ಉಚಿತ ಕೋರ್ಸು ನಡೆಸುತ್ತೆ. ಭಾನುವಾರ ಅವನನ್ನು ನಮ್ಮ ಮನೆಗೆ ಕಳಿಸಿ, ಲ್ಯಾಪ್‌ಟಾಪ್ ಜೊತೆ. ಅವನ ಮೊದಲ ನಕ್ಷೆಗೆ ನಿಮ್ಮ ಹೊಲವೇ ಆಗಲಿ.

ಅಕ್ಕ, ಇದು ನಿನಗೆ. ಪುಟ್ಟಿ ಮೊದಲ ಸೆಮಿಸ್ಟರಿನಲ್ಲೇ ಫಿಸಿಕಲ್ ಜಿಯಾಗ್ರಫಿಯನ್ನು ಲ್ಯಾಬ್ ಸಮೇತ ತೆಗೆದುಕೊಳ್ಳಲಿ, ಜಿಐಎಸ್ ಆಮೇಲೆ. ಸ್ಟ್ಯಾಟಿಸ್ಟಿಕ್ಸ್ ಕಷ್ಟ ಅಂತ ಬಿಡೋದು ಬೇಡ. ಮುಂದೆ ಸೇರಬೇಕಾದ ವಿಶ್ವವಿದ್ಯಾಲಯ ಯಾವ ಯಾವ ಪೇಪರ್ ಒಪ್ಪುತ್ತೆ ಅಂತ ಅಸಿಸ್ಟ್ ಅನ್ನುವ ವೆಬ್‌ಸೈಟಿನಲ್ಲಿ ನೋಡಿಕೊಂಡು, ಕೌನ್ಸೆಲರ್ ಹತ್ತಿರ ಕೂತು ಮಾತಾಡಿಯೇ ಹೆಸರು ಹಚ್ಚಿಸಲಿ. ಪಟ್ಟಿ ಸಿಕ್ಕಿದ ಕೂಡಲೇ ನನಗೂ ಕಳಿಸು, ಗುಂಪಿಗೆ ಬೇಡ, ನನಗೊಬ್ಬಳಿಗೇ.