ಸಹಿ ಹಾಕ್ಬೇಡ ಹೇಳು ಅವನಿಗೆ

ತಂಗೀ, ನಿನ್ನ ಮೆಸೇಜ್ ಈಗ ನೋಡಿದೆ. ದುಬೈ ಕಂಪನಿಯವ್ರು ನಿನ್ನ ಗಂಡನಿಗೆ ನಾಳೆಯಿಂದ ಕೆಲ್ಸ ಇಲ್ಲ, ಈ ಪೇಪರಿಗೆ ಸಹಿ ಹಾಕು ಅಂದಿದಾರೆ, ಎಂತ ಮಾಡುದು ಅಂತ ಕೇಳಿದ್ಯಲ್ಲ. ಹೆದರ್ಬೇಡ ಮಾರಾಯ್ತಿ. ಓದಿ ಅರ್ಥ ಆಗದ ಕಾಗದಕ್ಕೆ ಸಹಿ ಹಾಕ್ಬೇಡ ಅಂತ ಮೊದ್ಲು ಹೇಳು ಅವನಿಗೆ.

ನಾನು ಶಾರ್ಜಾದಲ್ಲಿದ್ದದ್ದು ನಿಮಗೆಲ್ಲ ಗೊತ್ತೇ ಇದೆ, ಹೊನ್ನಾವರ ಭಾವನೂ ಅದೇ ರೂಮಲ್ಲಿದ್ದ. 1995ರಲ್ಲಿ, ನಾ ಸೇರಿ ನಾಲ್ಕು ವರ್ಷ ಆಗಿತ್ತು, ಕೆಲ್ಸ ಕಡಿಮೆ ಅಂತ ನಮ್ಮನ್ನ ಆಫೀಸಿಗೆ ಕರೆದ್ರು. ಮುಂದಿಟ್ಟ ಕಾಗದ ಪೂರ್ತಿ ಅರಬಿ, ಪಾಸ್‌ಪೋರ್ಟ್ ಅವರ ಡ್ರಾಯರಲ್ಲಿ, ಸಹಿ ಹಾಕದೇ ಕೊಡುದಿಲ್ಲ ಅಂದ್ರು. ಹಾಕಿಸ್ಕೊಂಡ್ರು. ಆಮೇಲೆ ಟೈಪಿಂಗ್ ಸೆಂಟರಿನ ಮಲಯಾಳಿ ಹುಡ್ಗ ಓದಿ ಹೇಳ್ದ, ಇದ್ರಲ್ಲಿ ನೀವೇ ರಾಜೀನಾಮೆ ಕೊಟ್ಟ ಹಾಗೆ ಬರ್ದಿದೆ ಅಂತ. ದುಬೈಗೂ ಶಾರ್ಜಾಕ್ಕೂ ಒಂದೇ ಇದ್ದ ಆಗಿನ 1980ರ ಕಾನೂನಲ್ಲಿ ಕಂಪನಿ ತೆಗೆದ್ರೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ, ಅಂದ್ರೆ ಕೆಲ್ಸ ಮುಗಿವಾಗ ಕೊಡುವ ಇಡುಗಂಟು, ಪೂರ್ತಿ, ಮೂರರಿಂದ ಐದು ವರ್ಷದೊಳಗೆ ನೀನೇ ಬಿಟ್ರೆ ಮೂರರಲ್ಲಿ ಎರಡೇ ಪಾಲು. ಒಂದು ತಿಂಗಳ ನೋಟಿಸ್ ಸಂಬಳವೂ ಹೋಯ್ತು. ಎದೆ ಉರೀತದೆ ಈಗ್ಲೂ.

2022 ಫೆಬ್ರವರಿಯಿಂದ ಅಲ್ಲಿ ಹೊಸ ಕಾನೂನು ಬಂದು ಆ ಕತ್ತರಿ ತೆಗೆದಿದಾರೆ, ವರ್ಷ ತುಂಬಿದ್ರೆ ರಾಜೀನಾಮೆ ಕೊಟ್ರೂ ಗ್ರಾಚ್ಯುಟಿ ಪೂರ್ತಿ. ಆದ್ರೂ ನೋಟಿಸಿನ ದುಡ್ಡು ಇದೆಯಲ್ಲ, ಅದಕ್ಕೇ ಮತ್ತೆ ಹೇಳ್ತೆ, ರಾಜೀನಾಮೆ ಅಂತ ಬರೆದ ಯಾವ್ದಕ್ಕೂ ಸಹಿ ಬೇಡ, ಬೇಡವೇ ಬೇಡ.

ಇಲ್ಲಿ ನಮ್ಮ ದೇಶದಲ್ಲಿ ಕಾನೂನು ಇನ್ನೂ ಗಟ್ಟಿ ಅಂತಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು, ತೆಗೆದ್ರೆ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ದೊಡ್ಡ ಕಾರ್ಖಾನೆಯವ್ರು ಸರ್ಕಾರದ ಪರ್ಮಿಷನ್ ಇಲ್ದೆ ತೆಗೆಯೋ ಹಾಗಿಲ್ಲ. ಆ ದೊಡ್ಡದು ಅನ್ನೋದಕ್ಕೆ 1976ರಲ್ಲಿ 300 ಜನ, ಆಮೇಲೆ 100ಕ್ಕೆ ಇಳಿಸಿದ್ರು, ಈಗ 2025 ನವೆಂಬರಿಂದ ಅದರ ಬದ್ಲು ಹೊಸ ಕಾನೂನು ಬಂದು ಮತ್ತೆ 300. ನಮ್ಮಂಥವ್ರಿಗೆ ಎಂತ ಉಪಯೋಗ ಆಯ್ತು ಹೇಳಿ? ನಾ ವಾಪಸ್ ಬಂದು ಇಲ್ಲೇ ಜಿಲ್ಲೆಯ ಒಂದು ಫ್ಯಾಕ್ಟರಿಗೆ ಕಾಂಟ್ರಾಕ್ಟ್ ಮೇಲೆ ಸೇರಿದ್ದೆ. ವರ್ಷದಲ್ಲಿ 240 ದಿನ ತುಂಬಿದ್ರೆ ಆ ಹಕ್ಕೆಲ್ಲ ಬರ್ತದೆ ಅಂತ, ತುಂಬುಕ್ಕೆ ಮೊದ್ಲೇ ಹೆಸ್ರು ಹೊಡ್ದು, ಸ್ವಲ್ಪ ದಿನ ಮನೇಲಿ ಕೂರ್ಸಿ, ಮತ್ತೆ ಹೊಸಬ್ರ ಹಾಗೆ ತಗೊಳ್ತಿದ್ರು. ಅದೇ ಮಷಿನ್ನು, ಅದೇ ಶಿಫ್ಟು. ಊರಿನ ಹುಡುಗ್ರು ಗಲ್ಫಿಗೆ ಯಾಕೆ ಓಡ್ತಾರೆ ಅಂತ ಮದ್ವೆ ಮನೇಲಿ ಕೇಳೋ ದೊಡ್ಡ ಮನುಷ್ಯರು ಆಗ ಒಬ್ರೂ ಬಂದು ವಿಚಾರಿಸ್ಲಿಲ್ಲ.

ಹಾಂ, ಮುಖ್ಯದ್ದೇ ಹೇಳ್ಲಿಲ್ಲ. ನಿನ್ನ ಗಂಡ ಪ್ರೊಬೇಷನ್ ದಾಟಿದಾನೆ, ಕಮ್ಮಿ ಅಂದ್ರೂ 30 ದಿನದ ನೋಟಿಸ್ ಅಥವಾ ಅಷ್ಟರ ಸಂಬಳ ಬರ್ಬೇಕು. ಕೆಲ್ಸ ಮುಗಿದ 14 ದಿನದೊಳಗೆ ಎಲ್ಲಾ ಬಾಕಿ ಕೊಡ್ಬೇಕು. ಕೊಡದೇ ಇದ್ರೆ ಅಲ್ಲಿಯ ಕಾರ್ಮಿಕ ಸಚಿವಾಲಯದ ಆ್ಯಪಲ್ಲಿ ದೂರು ಹಾಕ್ಬಹುದು. ಆಫರ್ ಲೆಟರು, ಕಾಂಟ್ರಾಕ್ಟು, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲದರ ಫೋಟೋ ಇವತ್ತೇ ನಿನಗೆ ಕಳ್ಸಲಿ, ಕಂಪನಿ ಸಿಮ್ ವಾಪಸ್ ಕೊಟ್ಮೇಲೆ ಅದ್ರಲ್ಲಿದ್ದದ್ದು ಸಿಗುದಿಲ್ಲ. ಆ ಪೇಪರಿನ ಫೋಟೋನೂ ಹಾಕು, ಭಟ್ಕಳದ ನನ್ನ ದೋಸ್ತಿಗೆ ಅರಬಿ ಓದುಕ್ಕೆ ಬರ್ತದೆ.