ಕರಕಿಗೂ ಒಂದು ಕಟಿಂಗ್

ಶೆಟ್ರು ವಾಟ್ಸಾಪಿನಲ್ಲಿ ಬರೆದದ್ದು ಇಷ್ಟೇ: "ಭಾನುವಾರ ಬೆಳಿಗ್ಗೆ ಆರೂವರೆಗೆ ಲಾನ್ ಹತ್ತಿರ ಕಟಿಂಗ್. ಎಲ್ಲರೂ ಬನ್ನಿ."

ಪುಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನಿಗೆ ಕಟಿಂಗ್ ಅಂದರೆ ಅರ್ಧ ಗ್ಲಾಸು ಚಹಾ. ಹೋಗಿ ನೋಡಿದರೆ ಚಹಾ ಇರಲಿಲ್ಲ. ಹುಲ್ಲು ಕತ್ತರಿಸುವ ಮಷಿನ್ ಇತ್ತು. ಅದರ ಪಕ್ಕ ನಮ್ಮ ತೋಟಗಾರ ಮಾಳಿಮಾಮಾ ಕೈಕಟ್ಟಿಕೊಂಡು ನಿಂತಿದ್ದರು. ನನ್ನ ಹಾಗೆಯೇ ಚಹಾ ನಂಬಿ ಬಂದ ಇನ್ನೂ ಮೂರು ಜನ ಕನ್ನಡಿಗರು ಆಕಳಿಸುತ್ತಿದ್ದರು.

ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಐದು. ಶೆಟ್ರು ಕುಂದಾಪುರದವರು, ಕ್ಯಾಂಪಿನಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಪಾಟೀಲರು ಬಿಜಾಪುರ ಜಿಲ್ಲೆಯ ಇಂಡಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಸುಧಕ್ಕ ಮೈಸೂರಿನವರು, ಬಾಲ್ಕನಿಯಲ್ಲಿ ನಲವತ್ತೊಂದು ಕುಂಡಗಳ ಒಡತಿ. ಸಂದೀಪ ತುಮಕೂರಿನ ಹುಡುಗ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಬೇಸಾಯವೆಲ್ಲ ಯೂಟ್ಯೂಬಿನಲ್ಲಿ. ಐದನೆಯವನು ನಾನು, ಧಾರವಾಡದವನು. ನನಗೆ ಎಷ್ಟು ಗೊತ್ತು ಅನ್ನೋದು ಮುಂದೆ ತಾನಾಗಿಯೇ ಗೊತ್ತಾಗುತ್ತೆ.

ಏಪ್ರಿಲ್ ಎರಡನೇ ವಾರ. ಬಿಸಿಲು ನಲವತ್ತರ ಹತ್ತಿರ. ಲಾನ್ ಹಳೇ ಚಾಪೆಯ ಬಣ್ಣಕ್ಕೆ ತಿರುಗಿತ್ತು. ಮೇ 1 ಮಹಾರಾಷ್ಟ್ರ ದಿನ, ಅಂದು ಲಾನ್ ಮೇಲೆ ಮಕ್ಕಳಿಗೆ ಬಹುಮಾನ ಹಂಚುವ ಸಮಾರಂಭ. ಸೆಕ್ರೆಟರಿ ಸಾಹೇಬರ ಆಜ್ಞೆ: ಅಷ್ಟರೊಳಗೆ ಹಸಿರು ಬೇಕು. ಉದ್ಯಾನ ಸಮಿತಿಗೆ ಬೇರೆ ಯಾರೂ ಸೇರುವುದಿಲ್ಲ, ಹಾಗಾಗಿ ಆ ಸಮಿತಿ ಅಂದರೆ ನಾವೇ.

"ಪೂರಾ ಸಣ್ಣಗೆ ಹೊಡೆಸಿಬಿಡುವ ಮಾರಾಯ್ರೆ," ಅಂದರು ಶೆಟ್ರು. "ಬೇಸಿಗೆಯಲ್ಲಿ ನಾವು ತಲೆ ಸಣ್ಣ ಮಾಡಿಸುವುದಿಲ್ವಾ? ತಂಪಾಗ್ತದೆ."

"ಹುಲ್ಲಿಗೆ ಅದರ ಎಲೆಯೇ ಕೊಡೆ ಶೆಟ್ರೇ," ಅಂದರು ಸುಧಕ್ಕ. "ಈ ಬಿಸಿಲಲ್ಲಿ ಕೊಡೆ ಕಿತ್ತುಕೊಂಡರೆ ನೆಲ ಕಾದು ಬುಡ ಸುಡುತ್ತೆ. ಎರಡು ಇಂಚಾದರೂ ಬಿಡಬೇಕು. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೀಬಾರದು. ಬೇಸಿಗೆಯಲ್ಲಿ ಬೋಳು ತಲೆ ಎಷ್ಟು ಕಾಯುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಶೆಟ್ರ ಕೈ ತಾನಾಗಿಯೇ ನೆತ್ತಿಗೆ ಹೋಯಿತು. ಅಲ್ಲಿ ಬೋಳು, ಸುತ್ತ ಮಾತ್ರ ದಟ್ಟ ಕೂದಲು.

ಸುಧಕ್ಕ ಹಿಂದಿನ ಸಲ ಕತ್ತರಿಸಿದ್ದ ಜಾಗದಿಂದ ಒಂದು ಎಸಳು ಕಿತ್ತು ಕನ್ನಡಕದ ಹತ್ತಿರ ಹಿಡಿದರು. ತುದಿ ಬೆಳ್ಳಗೆ, ನಾರುನಾರಾಗಿ ಸೀಳಿತ್ತು. "ಇದು ಕತ್ತರಿಸಿದ್ದಲ್ಲ, ಹಲ್ಲಲ್ಲಿ ಕಚ್ಚಿ ಎಳೆದಿದ್ದು. ಬ್ಲೇಡಿಗೆ ಸಾಣೆ ಹಿಡಿಸಿ ಎಷ್ಟು ವರ್ಷ ಆಯ್ತು?" ಮಾಳಿಮಾಮಾಗೆ ಕನ್ನಡ ಬರುವುದಿಲ್ಲ. ಆದರೆ ಬ್ಲೇಡಿನ ಮಾತು ಅಂತ ಅರ್ಥವಾಗಿ, ಸೆಕ್ರೆಟರಿಯ ಬಾಲ್ಕನಿ ಕಡೆ ಕಣ್ಣು ಹೊರಳಿಸಿದರು.

ಕಟಿಂಗ್ ರದ್ದಾಯಿತು. ಗೇಟಿನಾಚೆಯ ಚಹಾದಂಗಡಿ ಅಮೃತತುಲ್ಯದಿಂದ ಇನ್ನೊಂದು ಬಗೆಯ ಕಟಿಂಗ್ ಬಂತು.

ಚಹಾ ಹೊಟ್ಟೆಗೆ ಇಳಿದ ಮೇಲೆ ಪಾಟೀಲರು ಬಾಯಿಬಿಟ್ಟರು. "ಇದು ಯಾವ ಹುಲ್ಲು ಗೊತ್ತೇನ್ರಿ?"

"ಬರ್ಮುಡಾ ಗ್ರಾಸ್ ಅಂಕಲ್," ಅಂದ ಸಂದೀಪ.

"ಬರ್ಮುಡಾನೂ ಅಲ್ಲ, ಚಡ್ಡಿನೂ ಅಲ್ಲೋ ತಮ್ಮಾ. ಇದು ಕರಕಿ. ನಿಮ್ಮ ಕಡೆ ಗರಿಕೆ ಅಂತೀರಲ್ಲ, ಅದೇ. ಗಣಪ್ಪಗ ಏರಿಸೋದು. ನಮ್ಮಪ್ಪ ಎರೆಹೊಲದಾಗ ಇದನ್ನ ಕಿತ್ತು ಕಿತ್ತು ಬೆನ್ನು ಬಾಗಿಸಿಕೊಂಡರು. ನೆಲದೊಳಗ ಒಂದು ಗೆಣ್ಣು ಉಳೀತಂದರೆ ಮುಂದಿನ ವರ್ಷ ಮತ್ತ ಹೊಲ ತುಂಬ. ಅವರ ಮಗ ನಾನು ಇಲ್ಲಿ ಚದರಡಿ ಲೆಕ್ಕದಾಗ ರೊಕ್ಕ ಕೊಟ್ಟು ಅದನ್ನೇ ಹಾಕಿಸಿ, ಟ್ಯಾಂಕರ್ ನೀರು ಕುಡಿಸಲಿಕ್ಕೆ ಹತ್ತೀನಿ. ಮ್ಯಾಲಿಂದ ನೋಡಿದರೆ ಅಪ್ಪಾರು ಏನಂದಾರು?"

ಸಂದೀಪ ಫೋನು ತೆಗೆದ. "ಅಮೆರಿಕದಲ್ಲಿ ಉಲ್ಟಾ ಅಂಕಲ್. ನೆವಾಡಾದಲ್ಲಿ 2021ರಲ್ಲಿ ಕಾನೂನೇ ಆಗಿದೆ. ಲಾಸ್ ವೇಗಸ್ ಕಡೆ ಆಫೀಸಿನ ಮುಂದೆ, ರಸ್ತೆ ಬದಿಯಲ್ಲಿ ಸುಮ್ನೆ ನೋಡೋಕೆ ಅಂತ ಬೆಳೆಸಿದ ಹುಲ್ಲಿಗೆ 2027ರಿಂದ ಕೊಲರಾಡೋ ನದಿ ನೀರು ಹಾಯಿಸುವ ಹಾಗಿಲ್ಲ. ಮನೆಯವರು ಲಾನ್ ಕಿತ್ತು ಒಣನೆಲದ ಗಿಡ ಹಾಕಿದರೆ ನೀರಿನ ಇಲಾಖೆಯವರೇ ಚದರಡಿಗೆ ಇಷ್ಟು ಡಾಲರ್ ಅಂತ ಕೊಡ್ತಾರೆ."

"ಕರಕಿ ಕಿತ್ತರೆ ರೊಕ್ಕ?"

"ಡಾಲರ್."

ಪಾಟೀಲರು ತುಂಬ ಹೊತ್ತು ಮಾತಾಡಲಿಲ್ಲ. ಶೆಟ್ರು ಅವರ ಭುಜದ ಮೇಲೆ ಕೈಯಿಟ್ಟು, "ನಿಮ್ಮ ತಂದೆಯವರು ಅಲ್ಲಿ ಹುಟ್ಟಿದ್ದರೆ ಇವತ್ತಿನ ಚಹಾದ ದುಡ್ಡು ನೀವೇ ಕೊಡ್ತಿದ್ರಿ," ಅಂದರು.

ನೀರಿನ ವಿಷಯಕ್ಕೆ ಬಂದಾಗ ಜಗಳ ಜೋರಾಯಿತು. ಶೆಟ್ರು ದಿನಾ ಸಂಜೆ ಪೈಪು ಹಿಡಿದು ಹತ್ತು ನಿಮಿಷ ಚಿಮುಕಿಸುತ್ತಾರೆ. ಅದು ಅವರ ವಾಕಿಂಗ್ ಕೂಡ ಹೌದು. "ನಮ್ಮೂರಲ್ಲಿ ಗಿಡಕ್ಕೆ ನೀರು ಹಾಕುವುದು ಅಂತ ಒಂದು ಕೆಲಸವೇ ಇಲ್ಲ ಮಾರಾಯ್ರೆ. ನೀರು ಹೊರಗೆ ಹೋಗುವ ಹಾಗೆ ಮಾಡುವುದೇ ಕೆಲಸ."

"ನಿಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ," ಅಂದರು ಪಾಟೀಲರು. "ಪುಣೆಗೆ 700 ಚಿಲ್ಲರೆ. ನಮ್ಮ ಕಡೆ 600 ಬಿದ್ದರೆ ಹಬ್ಬ."

ದಿನಾ ಚಿಮುಕಿಸಿದರೆ ಏನಾಗುತ್ತೆ ಅಂತ ಸುಧಕ್ಕ ಹೇಳಿದ್ದು ನನಗೆ ಈಗಲೂ ನೆನಪಿದೆ. "ಈ ಸಂದೀಪನ್ನೇ ನೋಡಿ. ಹತ್ತು ನಿಮಿಷಕ್ಕೆ ತರಕಾರಿ ಬಾಗಿಲಿಗೇ ಬರುತ್ತೆ. ತರಕಾರಿ ಮಾರ್ಕೆಟ್ಟು ಮಂಡಯಿ ಯಾವ ದಿಕ್ಕಿಗಿದೆ ಅಂತಲೇ ಇವನಿಗೆ ಗೊತ್ತಿಲ್ಲ. ಬೇರೂ ಹಾಗೇ. ಮೇಲೇ ನೀರು ಸಿಕ್ಕರೆ ಕೆಳಗೆ ಯಾಕೆ ಇಳಿಯುತ್ತೆ? ವಾರಕ್ಕೆ ಒಂದೋ ಎರಡೋ ಸಲ, ಬೆಳಗಿನ ಜಾವ, ಗೇಣುದ್ದ ಇಳಿಯೋ ಹಾಗೆ ಕೊಡಿ. ಸಂಜೆ ಬೇಡ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಬೂಷ್ಟು ಬರುತ್ತೆ."

ಎಷ್ಟು ಕೊಡಬೇಕು? ವಾರಕ್ಕೆ ಒಂದಿಂಚು, ಅಂದರೆ 25 ಮಿಲಿಮೀಟರ್. ಪಾಟೀಲರು ಬ್ಯಾಂಕಿನವರಲ್ವಾ, ಲಾನ್ 2,000 ಚದರಡಿ ಅಂತ ಹಿಡಿದು ಬೆರಳ ಮೇಲೇ ಲೆಕ್ಕ ಹಾಕಿದರು: ವಾರಕ್ಕೆ 4,600 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ಹತ್ತಿರ ಹತ್ತಿರ ಅರ್ಧ. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಬೆಳಿಗ್ಗೆ ಒಂದೂವರೆ ಗಂಟೆ ಹೊತ್ತು. ಕರಕಿ ಗ್ಲಾಸಿನಲ್ಲಿ ಕುಡಿಯಬೇಕು, ನಾವು ಚಮಚದಲ್ಲಿ.

ಸ್ಪ್ರಿಂಕ್ಲರ್ ಒಂದಿಂಚು ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೆ ಅಂತ ಅಳೆಯಲು ಸಂದೀಪ ಒಂದು ಉಪಾಯ ಹೇಳಿದ. ಲಾನ್ ತುಂಬ ಖಾಲಿ ಡಬ್ಬಿ ಇಟ್ಟು, ಅರ್ಧ ಗಂಟೆ ನೀರು ಬಿಟ್ಟು, ಪಟ್ಟಿ ಇಟ್ಟು ನೋಡುವುದು. ಪುಣೆಯ ಮನೆಗಳಲ್ಲಿ ಖಾಲಿ ಡಬ್ಬಿ ಅಂದರೆ ಶ್ರೀಖಂಡದ್ದೇ. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೆರಡು ಶ್ರೀಖಂಡದ ಡಬ್ಬಿ ಸಾಲಾಗಿ ಕೂತವು. ವಾಚ್‌ಮನ್ ಇದು ಬೀದಿನಾಯಿಗಳಿಗೆ ಮಾಡಿದ ವ್ಯವಸ್ಥೆ ಅಂತ ತಿಳಿದು ಎರಡು ಡಬ್ಬಿಗೆ ಹಾಲು ಹಾಕಿದ. ಮೂರನೇ ಮಹಡಿಯ ಅಜ್ಜಿ ಒಂದು ಡಬ್ಬಿ ಎತ್ತಿ, ಆಮ್ರಖಂಡವೋ ಕೇಸರಿಯೋ ಓದಿ, ಖಾಲಿ ಅಂತ ಗೊತ್ತಾಗಿ ನಮ್ಮನ್ನು ಒಮ್ಮೆ ನೋಡಿ ಇಟ್ಟರು.

ಅರ್ಧ ಗಂಟೆ ಕಳೆದು ನೋಡಿದರೆ ಸ್ಪ್ರಿಂಕ್ಲರ್ ಪಕ್ಕದ ಡಬ್ಬಿಯಲ್ಲಿ ಎರಡು ಬೆರಳು ನೀರು, ಮೂಲೆಯದರಲ್ಲಿ ಒಂದು ಇರುವೆ. ಹಳದಿಯ ಗುಟ್ಟು ಅರ್ಧ ಅಲ್ಲೇ ಬಯಲಾಯಿತು. ಆ ಮೂಲೆಗೆ ವರ್ಷಗಳಿಂದ ನೀರೇ ಮುಟ್ಟಿರಲಿಲ್ಲ. ಸಂದೀಪ ಎಕ್ಸೆಲ್‌ನಲ್ಲಿ ಬರೆದುಕೊಳ್ಳುತ್ತಿದ್ದಾಗ ಸುಧಕ್ಕ ಒಂದು ಡಬ್ಬಿ ತಿರುಗಿಸಿ ನೋಡಿ, "ಬಾಯಿ ಅಗಲ, ತಳ ಕಿರಿದು. ಲೆಕ್ಕ ತಪ್ಪು. ನೆಟ್ಟಗಿರೋ ಡಬ್ಬಿ ಬೇಕು," ಅಂದರು. ಶೆಟ್ರು ಹೋಟೆಲಿನಿಂದ ಸ್ಟೀಲು ಲೋಟ ತರಿಸಿದರು. ಮಾಳಿಮಾಮಾ ಇದ್ಯಾವುದಕ್ಕೂ ಬರಲಿಲ್ಲ. ಮೂಲೆಯಲ್ಲಿ ಒಂದು ಸ್ಕ್ರೂಡ್ರೈವರ್ ನೆಲಕ್ಕೆ ಚುಚ್ಚಿ ನೋಡಿದರು. ಅದು ಒಂದಿಂಚಿಗೇ ನಿಂತಿತು. ಕೆಳಗೆ ಒಣ ಅಂತ ಅವರಿಗೆ ಐದು ಸೆಕೆಂಡಿನಲ್ಲಿ ಗೊತ್ತಾಯಿತು.

ಈಗ ನನ್ನ ಕಥೆ. ಮೇ 1 ಹತ್ತಿರ ಬರುತ್ತಿತ್ತು. ಯಾರಿಗೂ ಹೇಳದೆ ಎರಡು ಕಿಲೋ ಯೂರಿಯಾ ತಂದೆ. ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಮಲಗಿದ್ದಾಗ, ಅಕ್ಷತೆ ಎರಚಿದ ಹಾಗೆ ಎರಚಿದೆ. ಯಾರೋ ಕೆಮ್ಮಿದರು. ಗಾಬರಿಯಲ್ಲಿ ಉಳಿದ ಅರ್ಧ ಚೀಲ ಒಂದೇ ಕಡೆ ಸುರಿದು ಓಡಿದೆ. ಮೂರನೇ ದಿನಕ್ಕೆ ಲಾನ್ ನಡುವೆ ಗುಂಡಗೆ, ಅಂಚೆಲ್ಲ ಕೆಂಪಗೆ ಒಂದು ಸುಟ್ಟ ಕಲೆ.

"ರೋಸ್ಟ್ ದೋಸೆ," ಅಂದರು ಶೆಟ್ರು, ಅನುಭವದಿಂದ.

ನಾನು ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದರೆ ಸುಧಕ್ಕ ಉಪ್ಪಿನಕಾಯಿ ವಿಷಯ ತೆಗೆದರು. "ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟುಕೊಳ್ಳುತ್ತೆ, ಹೋಳು ಮುದುಡುತ್ತೆ. ಅಲ್ವಾ? ನೀವು ಬೇರಿಗೆ ಮಾಡಿದ್ದು ಅದನ್ನೇ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಒಣನೆಲಕ್ಕೆ, ಉರಿಬಿಸಿಲಲ್ಲಿ, ಅದೂ ರಾಶಿ! ಗೊಬ್ಬರ ಹಾಕೋದು ಮಳೆ ಶುರುವಾದ ಮೇಲೆ, ಹುಲ್ಲಿಗೆ ಹಸಿವಾದಾಗ. ಈಗ ಹತ್ತು ಬಕೆಟ್ ನೀರು ಹಾಕಿ ತೊಳೀರಿ, ಎಷ್ಟು ಹೋಗುತ್ತೋ ಹೋಗಲಿ." ಹತ್ತೂ ಬಕೆಟ್ ನಾನೇ ಹೊತ್ತೆ.

ಸುಧಕ್ಕನ ಬಾಲ್ಕನಿ ಬೇರೆಯೇ ರಾಜ್ಯ. ಜನವರಿಯಲ್ಲಿ ಸವರಿದ ಮಲ್ಲಿಗೆ ಏಪ್ರಿಲ್‌ನಲ್ಲಿ ಲಿಫ್ಟಿನವರೆಗೂ ಘಮಘಮ. ಕುಂಡಗಳನ್ನೆಲ್ಲ ಒತ್ತೊತ್ತಾಗಿ ಕೂಡಿಸಿ, ಮೇಲೆ ಹಸಿರು ಬಲೆ ಕಟ್ಟಿದ್ದಾರೆ. ಮಣ್ಣಿನ ಮೇಲೆ ಶೆಟ್ರು ತಂದುಕೊಟ್ಟ ತೆಂಗಿನ ಸಿಪ್ಪೆ. ಊರಲ್ಲಿ ತೆಂಗಿನ ಬುಡಕ್ಕೆ ಹೂಳುತ್ತಾರಲ್ಲ, ಅದೇ ಬುದ್ಧಿ. ನೀರು ಹಿಡಿದಿಡುತ್ತೆ. ಏಸಿಯಿಂದ ತೊಟ್ಟಿಕ್ಕುವ ನೀರು ಕುಂಡಕ್ಕೆ ಹೋಗುತ್ತೆ. ಸಂದೀಪ ಅದನ್ನು ನೋಡಿ ತನ್ನ ಮನೆಯ ಫಿಲ್ಟರಿನ ಬಿಸಾಡುವ ನೀರು ಹಾಕಲು ಹೋದ. ಎರಡು ತಿಂಗಳಿಗೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತು. ಏಸಿ ನೀರಲ್ಲಿ ಉಪ್ಪಿಲ್ಲ, ಫಿಲ್ಟರ್ ಹೊರಹಾಕುವುದೇ ಉಪ್ಪಿನ ನೀರು. ಅವನ ಮನೆಯಲ್ಲಿ ಈಗ ಬದುಕಿರುವುದು ಒಂದು ಕಾಗದದ ಹೂವಿನ ಗಿಡ ಮಾತ್ರ. ಅದನ್ನು ಮರೆತಷ್ಟೂ ಹೂ ಬಿಡುತ್ತೆ.

ಏಪ್ರಿಲ್ ಕೊನೆಗೂ ಲಾನ್ ಹಳದಿಯೇ. ಸೆಕ್ರೆಟರಿ ಸತ್ತೇಹೋಯಿತು ಅಂತ ಘೋಷಿಸಿದರು. ಆಗ ಮಾಳಿಮಾಮಾ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಹುಲ್ಲು ಬುಡಸಮೇತ ಎತ್ತಿದರು. ಮೇಲೆ ಒಣಕಲು. ಮಣ್ಣು ಒರೆಸಿ ಗೆಣ್ಣನ್ನು ಉಗುರಲ್ಲಿ ಚಿವುಟಿದರೆ ಒಳಗೆ ಬೆಳ್ಳಗೆ, ತೇವ. "ಝೋಪಲಂಯ," ಅಂದರು. ಮಲಗಿದೆಯಂತೆ. ಹದಿನೈದು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಕೊಟ್ಟು, ಹುಡುಗರ ಕ್ರಿಕೆಟ್ ನಿಲ್ಲಿಸಿದರೆ ಸಾಕು, ಮಿರಗಕ್ಕೆ, ಅಂದರೆ ಮೃಗಶಿರ ಮಳೆಗೆ, ಏಳುತ್ತಂತೆ.

"ಅದನ್ನೇ ನಾನು ಹೇಳಿದ್ದು," ಅಂದರು ಪಾಟೀಲರು. "ಗೆಣ್ಣು ಇದ್ದರೆ ಹೊಲ ತುಂಬ."

ಮಲಗಿದ್ದು ಸೆಕ್ರೆಟರಿಗೆ ಹಿಡಿಸಲಿಲ್ಲ. ಮಂಟಪದವನಿಂದ ಪ್ಲಾಸ್ಟಿಕ್ ಹುಲ್ಲಿನ ಜಮಖಾನ ಬಾಡಿಗೆಗೆ ತರಿಸಿ ಹಾಸಿದರು. ಮೇ 1ರಂದು ಕಾರ್ಯಕ್ರಮ ಒಂಬತ್ತಕ್ಕೆ ಅಂತ ಇದ್ದದ್ದು, ಅತಿಥಿಗಳು ಬಂದದ್ದು ಹನ್ನೊಂದೂವರೆಗೆ. ನಿಜವಾದ ಹುಲ್ಲು ಎಷ್ಟೇ ಒಣಗಿದ್ದರೂ ಪ್ಲಾಸ್ಟಿಕ್ಕಿನಷ್ಟು ಕಾಯುವುದಿಲ್ಲ. ಚಪ್ಪಲಿ ಬಿಟ್ಟು ಸಾಲಾಗಿ ನಿಂತ ಮಕ್ಕಳು ಮೊದಲು ಒಂದು ಕಾಲೆತ್ತಿದರು, ಆಮೇಲೆ ಇನ್ನೊಂದು, ಆಮೇಲೆ ಜೋರಾಗಿ ಎರಡೂ. ಅತಿಥಿಗಳು ಸ್ವಾಗತ ನೃತ್ಯ ಅಂತ ತಿಳಿದು ಚಪ್ಪಾಳೆ ತಟ್ಟಿದರು.

ಜೂನ್ ಎರಡನೇ ವಾರ ಮಳೆ ಬಂತು. ಹತ್ತೇ ದಿನಕ್ಕೆ ಕರಕಿ ಎದ್ದು ಕೂತಿತು, ಯಾರನ್ನೂ ಕೇಳದೆ. ಜೊತೆಗೆ ಜೇಕು ಅನ್ನೋ ಕಳೆಯೂ ಬಂತು. ಅದರ ಗಡ್ಡೆ ಕೀಳುವ ಕೆಲಸ ಬೇರೆಯೇ ಹರಟೆ.

ಜುಲೈ ಮೊದಲ ಭಾನುವಾರ ಸೆಕ್ರೆಟರಿ ಸಾಹೇಬರು ಕೊಡೆ ಹಿಡಿದು ಲಾನ್ ನೋಡಲು ಬಂದರು. ನನ್ನ ಯೂರಿಯಾದ ಜಾಗದ ಮುಂದೆ ನಿಂತುಬಿಟ್ಟರು. ನಡುವೆ ಅಂಗೈಯಗಲ ಬೋಳು. ಸುತ್ತ ಮಾತ್ರ ಉಂಗುರದ ಹಾಗೆ ಕಡುಹಸಿರು, ಇಡೀ ಲಾನ್‌ನಲ್ಲೇ ದಟ್ಟ. ಸುಟ್ಟು ಉಳಿದ ಸಾರಜನಕವನ್ನೆಲ್ಲ ಅಂಚಿನ ಹುಲ್ಲು ಕುಡಿದಿತ್ತು.

"ವಾಹ್! ಇದಕ್ಕೆ ಏನು ಹಾಕಿದಿರಿ?" ಹಿಂದಿಯಲ್ಲಿ ಕೇಳಿದರು. "ಮುಂದಿನ ಬೇಸಿಗೆಗೆ ಪೂರ್ತಿ ಲಾನ್ ಹೀಗೇ ಮಾಡಿಸಿ."

ಪಾಟೀಲರು ಆ ಬೋಳನ್ನು ನೋಡಿದರು, ಆಮೇಲೆ ಶೆಟ್ರ ತಲೆಯನ್ನು ನೋಡಿದರು. ಸುಧಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಶೆಟ್ರು ಟೋಪಿ ಹಾಕಿಕೊಂಡು ಗೇಟಿನ ಕಡೆ ಕೂಗಿದರು: "ಆರು ಕಟಿಂಗ್!"

ಮಾಳಿಮಾಮಾ ಮಷಿನ್ ತರಲು ಹೋದರು.