ಎಲ್ಲೆಯಾಚೆ ನಗರ ಕೊಂಡ ಜಮೀನಿಗೆ ತೆರಿಗೆ: ಕ್ಯಾಲಿಫೋರ್ನಿಯಾದ ಕ್ರಮ ನಮ್ಮಲ್ಲಿ ಸಾಧ್ಯವೇ?

ಮಾರ್ಕಂಡೇಯ ದಂಡೆ (ಬೆಳಗಾವಿ):
ಬೆಳಗಾವಿಗೆ ನೀರುಣಿಸುವ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳೆರಡೂ ನಗರದ ಎಲ್ಲೆಯ ಹೊರಗಿವೆ. ಕ್ಯಾಲಿಫೋರ್ನಿಯಾದಲ್ಲಿ ನಗರವೊಂದು ತನ್ನ ಎಲ್ಲೆಯಾಚೆ ಹೊಂದಿರುವ ಜಮೀನಿಗೆ ಅಲ್ಲಿನ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ) ತೆರಿಗೆ ಕಟ್ಟಬೇಕೆಂಬ ವಿಧಿಯನ್ನು ಜನರ ಮತಕ್ಕೆ ಹಾಕಿ ಸಂವಿಧಾನಕ್ಕೇ ಸೇರಿಸಿದ್ದಾರೆಂದು ಓದಿದೆ. ಸರ್ಕಾರಿ ಸ್ವತ್ತಿಗೆ ಪಟ್ಟಿ (ತೆರಿಗೆ) ಇಲ್ಲವೆಂದೇ ನಾವು ತಿಳಿದವರು. ಅಲ್ಲಿ ಈ ಅಪವಾದ ಏಕೆ ಬೇಕಾಯಿತು, ಇಲ್ಲಿ ಅದಕ್ಕೆ ಆಸ್ಪದವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ನಿವೃತ್ತ ಲೆಕ್ಕಾಧಿಕಾರಿ (ಬೆಳಗಾವಿ):
ಲಾಸ್ ಏಂಜಲೀಸ್ ನಗರವು ದೂರದ ಓವೆನ್ಸ್ ಕಣಿವೆಯಲ್ಲಿ ಜಮೀನನ್ನೂ ನೀರಿನ ಹಕ್ಕನ್ನೂ ಕೊಂಡು, 1913ರಲ್ಲಿ ಕಾಲುವೆಯ ಮೂಲಕ ನೀರು ತಂದುಕೊಂಡಿತು. ಕೊಂಡವರು ಸರ್ಕಾರದವರೆಂಬ ಒಂದೇ ಕಾರಣಕ್ಕೆ ಆ ಜಮೀನು ತೆರಿಗೆಯಿಂದ ತಪ್ಪಿಸಿಕೊಂಡರೆ, ಶಾಲೆ ರಸ್ತೆಗಳ ಖರ್ಚನ್ನು ಬಹುಮಟ್ಟಿಗೆ ಭೂತೆರಿಗೆಯಿಂದ ತೂಗಿಸುತ್ತಿದ್ದ, ಆ ಕಣಿವೆಯಿರುವ ಇನ್ಯೋ ಕೌಂಟಿಯು ನೀರಿನ ಜೊತೆಗೆ ಆದಾಯವನ್ನೂ ಕಳೆದುಕೊಳ್ಳುತ್ತಿತ್ತು. ಆದ್ದರಿಂದ 1914ರ ತಿದ್ದುಪಡಿಯು, ಖರೀದಿಯಾದಾಗ ತೆರಿಗೆಗೆ ಒಳಪಟ್ಟಿದ್ದ ಜಮೀನು ಮುಂದೆಯೂ ಒಳಪಟ್ಟಿರಬೇಕೆಂದು ವಿಧಿಸಿತು. ಮಾಲೀಕ ಯಾರೆಂಬುದನ್ನು ಬಿಟ್ಟು ಜಮೀನಿನ ಹಿಂದಿನ ಸ್ಥಿತಿಯನ್ನು ನೋಡಿದ್ದೇ ಇದರ ಜಾಣ್ಮೆ. ಆದರೆ ಬೆಲೆ ಕಟ್ಟುವವರು ಕೌಂಟಿಯವರು, ಹಣ ಕೊಡುವವರು ಅಲ್ಲಿ ಮತವೇ ಇಲ್ಲದ ಪರನಗರದವರು. ಇಂಥಲ್ಲಿ ತಕರಾರು ಹುಟ್ಟದಿರುತ್ತದೆಯೇ? 1968ರಲ್ಲಿ ಮತ್ತೆ ಜನಮತ ಪಡೆದು, ಹಳೆಯ ಮೌಲ್ಯವನ್ನು ಆಧಾರವಾಗಿಟ್ಟು, ರಾಜ್ಯದ ತಲಾ ಭೂಮೌಲ್ಯ ಏರಿದಂತೆ ಅದನ್ನು ಏರಿಸುವ ಸೂತ್ರವನ್ನು ಗೊತ್ತುಪಡಿಸಿದರು.

ವಕೀಲ (ವಿಜಯಪುರ):
ನಮ್ಮಲ್ಲಿ ಇಂಥ ವಿಷಯಕ್ಕೆ ಜನಮತದ ದಾರಿಯೇ ಇಲ್ಲ. ಸಂವಿಧಾನದ 285ನೆಯ ವಿಧಿಯು ಕೇಂದ್ರದ ಸ್ವತ್ತನ್ನು ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ತೆರಿಗೆಯಿಂದಲೂ, 289ನೆಯದು ರಾಜ್ಯದ ಸ್ವತ್ತನ್ನು ಕೇಂದ್ರದ ತೆರಿಗೆಯಿಂದಲೂ ಕಾಯುತ್ತವೆ. ಎಲ್ಲೆಯಾಚೆಯ ಸ್ವತ್ತಿಗೆ ನಮ್ಮ ಉದಾಹರಣೆಯೆಂದರೆ ದೆಹಲಿಯಲ್ಲಿರುವ ರಾಜ್ಯಗಳ ಭವನಗಳು. ಅಂಥ ಸ್ವತ್ತುಗಳ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 5–4ರ ಬಹುಮತದಿಂದ, ಸರ್ಕಾರಿ ಕೆಲಸಕ್ಕೆ ಬಳಸುವ ಭಾಗಕ್ಕೆ ವಿನಾಯಿತಿಯಿದೆ, ವ್ಯಾಪಾರಕ್ಕೆ ಬಳಸುವ ಭಾಗಕ್ಕಿಲ್ಲ ಎಂದು ತೀರ್ಮಾನಿಸಿತು. ಕೇಂದ್ರದ ಕಚೇರಿಗಳು ತೆರಿಗೆಯ ಬದಲು, ಪಡೆಯುವ ಸೌಲಭ್ಯಕ್ಕೆ ತಕ್ಕಂತೆ ಆ ತೆರಿಗೆಯ ಶೇ. 75, ಶೇ. 50 ಅಥವಾ ಮೂರನೆಯ ಒಂದು ಪಾಲನ್ನು ಸೇವಾ ಶುಲ್ಕವಾಗಿ ಕೊಡುವ ವ್ಯವಸ್ಥೆ 2009ರ ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ ನೆಲೆಗೊಂಡಿತು. ಆದರೆ ಪಾಲಿಕೆ ಕೇಂದ್ರವೂ ಅಲ್ಲ, ರಾಜ್ಯವೂ ಅಲ್ಲ. ಆದ್ದರಿಂದ ಅದರ ಹೊರಗಿನ ಸ್ವತ್ತಿಗೆ ತೆರಿಗೆ ಬೇಕೋ ಬೇಡವೋ ಎಂಬುದನ್ನು ರಾಜ್ಯ ಶಾಸನದಲ್ಲೇ ಹುಡುಕಬೇಕು.

ನವನಗರದವ (ಬಾಗಲಕೋಟೆ):
ಲೆಕ್ಕಾಧಿಕಾರಿಗಳ ಮಾತಿಗೆ ನನ್ನದೊಂದು ತಕರಾರಿದೆ. ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನಿನ ಮೇಲೆ ಗ್ರಾಮ ಪಂಚಾಯಿತಿ ತೆರಿಗೆ ಹಾಕುವಂತಿಲ್ಲ. ಉತಾರದಲ್ಲಿ (ಪಹಣಿಯಲ್ಲಿ) ಹೊಲವೆಂದಿದ್ದುದನ್ನು ಪಾಲಿಕೆ ಕೊಂಡರೆ, ‘ಖರೀದಿಯಾದಾಗ ಇದ್ದ ತೆರಿಗೆ’ ಎಂಬ ಅಳತೆಯಿಂದ ಪಂಚಾಯಿತಿಗೆ ದಕ್ಕುವುದೇನೂ ಇಲ್ಲ. ಅಲ್ಲದೆ, ಪಾಲಿಕೆ ಕಟ್ಟಿದ ಹಣ ಕೊನೆಗೆ ನಗರದವರ ನೀರಿನ ಪಟ್ಟಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಮಾರ್ಕಂಡೇಯ ದಂಡೆ (ಬೆಳಗಾವಿ):
ನೀರು ಕುಡಿಯುವವರೇ ಪಟ್ಟಿ ಕಟ್ಟುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಕೃಷಿ ಜಮೀನಿನ ತೊಡಕು ಮಾತ್ರ ನಿಜ. ಹಾಗಿದ್ದರೆ ನಮಗೆ ಸೇವಾ ಶುಲ್ಕದ ಮಾದರಿಯೇ ಹೆಚ್ಚು ಹೊಂದುವಂತಿದೆ.